ನಡುವೆ ಬಂದ ವಾಚು

ಮನೆಯಿಂದ,
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಚಿನ್ನೂ,

ತಲೆನೋವು ಈಗ ಹೇಗಿದೆ? ಊಟ ಮಾಡ್ತಿದೀಯಾ ಎಂದು ಫೋನಿನಲ್ಲಿ ಕೇಳಿದರೆ ಹೂಂ ಅನ್ನುತ್ತೀಯ. ಆ ಹೂಂ ನನಗೆ ಚಿಕ್ಕಂದಿನಿಂದ ಗೊತ್ತು. ಅತ್ತೆಯ ಮನೆಯಲ್ಲಿ ನಿನಗೆ ಸ್ವಲ್ಪವಾದರೂ ನಿದ್ದೆ ಹತ್ತುತ್ತಿದೆ ಎಂದು ಕೇಳಿ ಅಮ್ಮನಿಗೆ ಸಮಾಧಾನ. ಅವಳ ಮಂಡಿನೋವು ಹಾಗೇ ಇದೆ, ಹಠವೂ ಹಾಗೇ ಇದೆ. ಪುಟ್ಟಿಯ ಹಲ್ಲು ಬಿದ್ದ ಫೋಟೋವನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದಳು. ಆಮೇಲೆ ಫೋನನ್ನು ನನಗೆ ಕೊಟ್ಟು, ಅಪ್ಪನದೇ ನಗು ಎಂದು ಒಳಗೆ ಹೋದಳು.

ಕಾಗದ ಯಾಕೆ ಎಂದು ಕೇಳುತ್ತೀಯೇನೋ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತೇನೆ. ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತೆ. ಕಾನ್ವೆಂಟಿನಲ್ಲಿ ಕಲಿತವಳಲ್ಲವೇ, ಕೈ ಮೊದಲು ಆ ಕಡೆಗೇ ಹೋಗುತ್ತದೆ. ಎರಡು ಸಾಲಿಗೇ ಅದು ಆಫೀಸಿನ ವರದಿಯಂತಾಯಿತು. ಆ ವರದಿಗಳಲ್ಲಿ ಯಾರೂ ಏನೂ ಮಾಡಿರುವುದಿಲ್ಲ, ಎಲ್ಲ ತಾನಾಗಿ ಆಗಿರುತ್ತದೆ. ಹರಿದು ಹಾಕಿದೆ.

ನೀನು ಮದುವೆಯಾದ ಹೊಸತರಲ್ಲಿ, ಅಕ್ಕ ಕತ್ತಲೆ ಕೋಣೆಯಲ್ಲಿ ಕೂತು ಏನು ಮಾಡ್ತಾಳೆ ಎಂದು ನಿನ್ನ ಯಜಮಾನರನ್ನು ಕೇಳಿದ್ದೆ, ನೆನಪಿದೆಯಾ? ಎಲ್ಲವನ್ನೂ ಎಲ್ಲರಿಗೂ ವಿವರಿಸುವ ಅವರ ಚಾಳಿಗೇ ನಾವು ಮೇಷ್ಟ್ರು ಎಂದು ಹೆಸರಿಟ್ಟದ್ದು. ಅವತ್ತು ಮಾತ್ರ ಅವರು, ನಿಮ್ಮಕ್ಕ ಲಕ್ಷಾಂತರ ಜನರ ಮುಂದೆ ನಾನು ತೊದಲದ ಹಾಗೆ ನೋಡ್ಕೋತಾರೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಈಗ ನಾನೇ ವಿವರಿಸುತ್ತೇನೆ. ಯಾವ ಗಳಿಗೆಯಲ್ಲಿ ಯಾವ ಚಿತ್ರ ಹೊರಗೆ ಹೋಗಬೇಕೆಂದು ಆ ಕೋಣೆಯಿಂದ ಹೇಳುವವಳು ನಾನು. ಕಂಪನಿಯ ಹೊಸ ಫೋನು ಬರುವ ದಿನ ಸಭಾಂಗಣದಲ್ಲಿ ಪ್ರೇಕ್ಷಕರಿರುವುದಿಲ್ಲ. ಖಾಲಿ ಸ್ಟುಡಿಯೋದಲ್ಲಿ ಒಬ್ಬರು, ನಮ್ಮಲ್ಲಿ ಮೇಷ್ಟ್ರು, ನಿಂತು ಮಾತಾಡುತ್ತಾರೆ, ಲೋಕವೆಲ್ಲ ನೆಟ್ಟಿನಲ್ಲಿ ನೋಡುತ್ತದೆ. ಚಿತ್ರ ಒಂದು ಗಳಿಗೆ ನಿಂತರೂ ಸಾಕು, ಸಾವಿರ ಜನ ಸಾವಿರ ಬೈಗುಳ ಬರೆಯುತ್ತಾರೆ. ಅದಕ್ಕೇ ನಮ್ಮಲ್ಲಿ ಎಲ್ಲವೂ ಎರಡೆರಡು. ಕರೆಂಟು ಎರಡು ಕಡೆಯಿಂದ, ನೆಟ್ಟು ಎರಡು ಕಂಪನಿಯದು, ಮೈಕು ಎರಡು. ಇಷ್ಟೇ ಅಲ್ಲ, ಮಾತಾಡುವ ಮನುಷ್ಯನಿಗೂ ಒಂದು ಜೋಡಿ ಮಾಡಿಕೊಳ್ಳುತ್ತೇವೆ. ಹಿಂದಿನ ದಿನ ಅದೇ ಬಟ್ಟೆ ತೊಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಪೂರ್ತಿ ಭಾಷಣ ಮಾಡಿಸಿ ರೆಕಾರ್ಡು ಮಾಡುತ್ತೇವೆ. ಮರುದಿನ ಲೈವ್ ನಡೆಯುವಾಗ ಅದೂ ಪಕ್ಕದ ಪರದೆಯಲ್ಲಿ ಸದ್ದಿಲ್ಲದೆ ಓಡುತ್ತಿರುತ್ತದೆ. ನಾವು ಅದನ್ನು ನೆರಳು ಅನ್ನುತ್ತೇವೆ. ಏನಾದರೂ ಕೆಟ್ಟರೆ ನೆರಳಿಗೆ ಹೋಗುವುದು. ಸ್ಟುಡಿಯೋದಲ್ಲಿ ನಡೆದದ್ದು ನಿಮ್ಮ ಮನೆ ತಲುಪಲು ಅರ್ಧ ನಿಮಿಷ ಬೇಕು. ಬದಲಾಯಿಸಲು ನಮಗೆ ಅಷ್ಟು ಹೊತ್ತು ಸಾಲುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಆ ದಿನ ಮೇಷ್ಟ್ರು ಬಂದಾಗಲೇ ಬೆವರುತ್ತಿದ್ದರು. ವಾರವಿಡೀ ಕಂಪನಿಯವರು ಅವರನ್ನು ಮನೆಗೆ ಬಿಟ್ಟದ್ದೇ ಅಪರೂಪ, ನಿನಗೇ ಗೊತ್ತು. ಮೇಕಪ್ಪಿನ ಹೆಂಗಸು, ನಿಮ್ಮನ್ನ ಒರೆಸಿ ಒರೆಸಿ ನನ್ನ ಪೌಡರ್ ಡಬ್ಬಿ ಖಾಲಿಯಾಯ್ತು ಮೇಷ್ಟ್ರೇ ಅಂದಳು. ಹಾಗಾದ್ರೆ ಸುಣ್ಣಾನೇ ಬಳೀರಿ ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಎದೆ ಸ್ವಲ್ಪ ಹಿಡಿದ ಹಾಗಿದೆ, ಗ್ಯಾಸು ಇರಬೇಕು ಎಂದು ನನಗೊಬ್ಬಳಿಗೇ ಹೇಳಿದರು. ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗೋಣ ಅಂದೆ. ಮುಗಿದ ಮೇಲೆ. ಈ ಎರಡು ಪದ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂದವು ಎಂದು ಈಗ ಯೋಚಿಸುತ್ತೇನೆ. ಬಟ್ಟೆ, ಕನ್ನಡಕ, ಕೂದಲು ಹಿಂದಿನ ದಿನದ ಹಾಗೇ ಇವೆಯೇ ಎಂದು ನೋಡುವ ಹುಡುಗಿ, ವಾಚಿಲ್ಲ ಅಂದಳು. ಮನೆಯಲ್ಲೇ, ಬಚ್ಚಲಲ್ಲಿ ಬಿಟ್ಟುಬಂದೆ ಅಂದರು ಮೇಷ್ಟ್ರು. ಇರಲಿ ಬಿಡು, ಅಷ್ಟು ಯಾರು ನೋಡ್ತಾರೆ ಅಂದವಳು ನಾನೇ.

ನೀನು ನೋಡಿದೆ. ಹೋದ ವಾರ ಫೋನಿನಲ್ಲಿ ಕೇಳಿದೆಯಲ್ಲ: ಅಕ್ಕಾ, ಅವರ ವಾಚು ಇಲ್ಲಿ ನನ್ನ ಕೈಲೇ ಇದೆ, ವಿಡಿಯೋದಲ್ಲಿ ಶುರುವಿನಲ್ಲಿ ಕೈ ಬರಿದಾಗಿದೆ, ನಡುವೆ ವಾಚು ಎಲ್ಲಿಂದ ಬಂತು? ಬೆಳಕಿನ ಹೊಳಪಿರಬೇಕು ಕಣೇ ಅಂದೆ. ನೀನು ಹೂಂ ಅಂದೆ.

ಮೇಷ್ಟ್ರು ಹೋಗಿ ಮೂರನೇ ತಿಂಗಳು ನಡೆಯುತ್ತಿದೆ. ನೀನು ದಿನವೂ ಆ ವಿಡಿಯೋ ಹಾಕುತ್ತೀಯೆಂದು, ಕೊನೆಗೆ ಅವರು ಕಿವಿ ಎಳೆದುಕೊಂಡು ನಗುವಾಗ ಪುಟ್ಟಿ ಪರದೆಗೆ ಮುತ್ತು ಕೊಡುತ್ತಾಳೆಂದು ಅತ್ತೆ ಹೇಳಿದರು. ಮುಗಿಸುವಾಗ ನಿನಗೋಸ್ಕರ ಕಿವಿ ಎಳ್ಕೋತೀನಿ ಎಂದು ಅವಳಿಗೆ ಮಾತು ಕೊಟ್ಟಿದ್ದರಲ್ಲ. ಹಿಡಿದ ಕೆಲಸ ಮುಗಿಸಿ, ಮಗಳಿಗೆ ಕೊಟ್ಟ ಮಾತು ಉಳಿಸಿ ಹೋದರು, ಅಷ್ಟು ಸಾಕು ನನಗೆ ಎಂದು ನೀನು ಹೇಳಿದಾಗ ನಾನು ಅಡುಗೆಮನೆಯಲ್ಲಿ ಒಲೆ ಆರಿಸಿ, ಅಮ್ಮ ಕರೀತಿದಾಳೆ ಎಂದು ಫೋನು ಇಟ್ಟುಬಿಟ್ಟೆ. ಆ ಸಮಾಧಾನವನ್ನು ನಿನ್ನಿಂದ ಕಿತ್ತುಕೊಳ್ಳುವ ಹಕ್ಕು ನನಗಿದೆಯೇ? ಕಿತ್ತುಕೊಳ್ಳದೆ ಇರುವ ಹಕ್ಕಾದರೂ ಇದೆಯೇ? ಇಷ್ಟು ದಿನ ಇವೆರಡರ ನಡುವೆಯೇ ಓಡಾಡಿಕೊಂಡಿದ್ದೆ.

ಭಾನುವಾರ ಕಂಪನಿಯ ದೊಡ್ಡವರು ನಿನ್ನನ್ನು ನೋಡಲು ಬರುತ್ತಾರಂತೆ. ಮುಂದಿನ ಕಾರ್ಯಕ್ರಮವನ್ನು ಆ ಕಿವಿ ಎಳೆಯುವ ದೃಶ್ಯದಿಂದ ಶುರುಮಾಡುವ ಯೋಚನೆ ಅವರದು. ಕೊನೆಯವರೆಗೂ ಕರ್ತವ್ಯ ಮಾಡಿದವರು ಎಂದು ಮೇಲೆ ಬರೆಯುತ್ತಾರೆ. ನಿನ್ನ ಒಪ್ಪಿಗೆ ಬೇಕು. ನಡೆಸಿಕೊಡಲು ನನ್ನನ್ನೇ ಕೇಳಿದ್ದಾರೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಯ ಕೆನ್ನೆಗೆ ಎರಡು ಮುತ್ತು, ಒಂದು ಅಜ್ಜಿಯದು. ನೀನು ಹೊತ್ತಿಗೆ ಸರಿಯಾಗಿ ತಿನ್ನು. ದೇವರು ನಿನಗೆ ಗಟ್ಟಿ ಎದೆ ಕೊಡಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋಗಿ ವಾಪಸು ಬಂದೆ. ಅದು ಹೊಳಪಲ್ಲ ಚಿನ್ನೂ, ವಾಚೇ. ಮೇಷ್ಟ್ರು ಅರ್ಧಕ್ಕೇ, ಮಾತಾಡುತ್ತಲೇ ಕುಸಿದರು. ನಿನ್ನ ಮನೆಯ ಪರದೆಯಲ್ಲಿ ಅವರು ಇನ್ನೂ ಅರ್ಧ ನಿಮಿಷ ನಿಂತೇ ಇದ್ದರು. ಆಮೇಲೆ ನೀನು ನೋಡಿದ್ದೆಲ್ಲ ಹಿಂದಿನ ದಿನದ್ದು. ನೆರಳಿಗೆ ಹೋಗಿ ಎಂದು ಕೂಗಿದವಳು ನಾನು. ಡಾಕ್ಟರನ್ನು ಕರೆಯಿರಿ ಎಂದದ್ದು ಅದಾದ ಮೇಲೆ. ನೆರಳು ಮುಗಿದ ಕೂಡಲೇ ಪಕ್ಕದ ವೇದಿಕೆಯಲ್ಲಿ ದೊಡ್ಡವರು ಲೈವ್ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಸದ್ದು ಮೈಕಿಗೆ ಹೋಗುತ್ತದೆಂದು ಅದು ಮುಗಿಯುವವರೆಗೆ ಕಂಪನಿಯವರು ಸ್ಟ್ರೆಚರನ್ನು ಒಳಗೆ ಬಿಡಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬಿದ್ದರು ಎಂದು ನಮ್ಮೆಲ್ಲರ ಬಾಯಲ್ಲಿ ಹೇಳಿಸಿದರು. ನಿಜವಾದ ರೆಕಾರ್ಡು ನನ್ನ ಹತ್ತಿರ ಇದೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ಭಾನುವಾರ ಅವರಿಗೆ ಒಪ್ಪಿಗೆ ಕೊಡುವ ಮೊದಲು ಇದು ನಿನಗೆ ಗೊತ್ತಿರಬೇಕು. ನನ್ನ ಮೇಲೆ ಸಿಟ್ಟು ಬಂದರೆ ಫೋನು ಮಾಡಬೇಡ, ನಾನು ಕಾಯುತ್ತೇನೆ. ಪುಟ್ಟಿಗೆ ಮಾತ್ರ ಏನೂ ಹೇಳಬೇಡ. ಹಿಂದಿನ ದಿನ ಅದು ಬರೀ ಅಭ್ಯಾಸ, ಕಿವಿ ಎಳೆದುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಅವರಾಗಿಯೇ ಎಳೆದುಕೊಂಡರು.