ಚಳಿಗಾಲದ ಐದನೆಯ ಗ್ಲಾಸು

ಸೋಮವಾರ, ಮಧ್ಯಾಹ್ನ
ಬಾರಿನ ಬಾಗಿಲು ತೆರೆಯುವ ಮುಂಚೆ

ನನ್ನ ಸೂಜಿಗೆ,

ನಿನ್ನ ನಗಾರಿಯ ಸಾವಿರ ನಮಸ್ಕಾರಗಳು.

ನೋಡು, ಮೊದಲ ಸಾಲಿನಲ್ಲೇ ಸಾವಿರ ಬಂದು ಕೂತಿತು. ಒಂದು ಸಾಕಾಗಿತ್ತು. ಕೊನೆಯ ಬೆಂಚಿನಲ್ಲಿ ತೂಕಡಿಸುವವನೂ ಬೆಚ್ಚಿ ಏಳಬೇಕು ಎಂದು ನಾಟಕ ಕಂಪನಿಯಲ್ಲಿ ಅಪ್ಪ ತಿದ್ದಿದ ಗಂಟಲು ಇದು. ಕಾಗದದ ಮೇಲೂ ಕೂಗುತ್ತದೆ. ಹೊಲಿಯುವಾಗ ಬಟ್ಟೆ ಸುಕ್ಕಾದರೆ ನೀನು ಅಂಗೈಯಿಂದ ಸವರಿ ಮುಂದಕ್ಕೆ ಹೋಗುತ್ತೀಯಲ್ಲ, ಎಲ್ಲಾದರೂ ನನ್ನ ದನಿ ಏರಿದರೆ ಹಾಗೇ ಸವರಿಕೊಂಡು ಓದು.

ಆದರೆ ಓದುವ ಮೊದಲು ಒಂದು ಕೆಲಸ. ಜೊತೆಯಲ್ಲಿ ಒಂದು ಪುಟ್ಟ ಬಾಟಲಿ ಇಟ್ಟಿದ್ದೇನೆ. ಅದರ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಸು. ಏನು ಅನ್ನಿಸಿತೋ ಅದನ್ನು ಎಲ್ಲಾದರೂ ಗೀಚಿಡು. ಆಮೇಲೆ ಈ ಕಾಗದಕ್ಕೆ ಬಾ. ಓದಿದ ಮೇಲೆ ನಿನ್ನ ಮೂಗನ್ನು ನಂಬುವ ಹಾಗಿರುವುದಿಲ್ಲ. ಈ ಶುಕ್ರವಾರದೊಳಗೆ ನಿನ್ನ ಎರಡು ಸಾಲು ಬರದಿದ್ದರೆ ನಾನು ಈ ಕೌಂಟರಿನ ಹಿಂದೆ ನಿಲ್ಲುವುದು ಮುಗಿಯಿತು. ಬಂದರೂ ಮುಗಿಯಬಹುದು. ಯಾಕೆ ಎಂದು ಹೇಳುತ್ತೇನೆ.

ಮೂಸಿದೆಯಾ? ಸರಿ. ತೆರೆ ಏಳಲಿ.

ಚಳಿಗಾಲದ ಮೆನು ಮಾಡಿದ್ದೇನೆ. ಜನ ಬೆವರು ಒರೆಸಿಕೊಳ್ಳುವ ಕಾಲದಲ್ಲೇ ನಾವು ಚಳಿಯನ್ನು ಜಾಡಿಗೆ ತುಂಬಿ ನೆಲಮಾಳಿಗೆಯಲ್ಲಿ ಇಡುವವರು. ಹಣ್ಣು ಬಂದಾಗ ಹಣ್ಣು, ಸಿಪ್ಪೆ ಒಣಗಿದಾಗ ಸಿಪ್ಪೆ. ಈ ಸಲವೂ ಐದು ಗ್ಲಾಸು, ಐದು ಅಂಕ. ನಮ್ಮ ಪದ್ಧತಿ ಬಿಟ್ಟಿಲ್ಲ. ಮೊದಲನೆಯದು ಪ್ರವೇಶ: ಹೊರಗಿನ ಗಾಳಿಯಲ್ಲಿ ಕೆನ್ನೆ ಕೆಂಪಾದವನ ಕೈಗೆ ಜಿನ್, ಹಸಿರು ಸೇಬು, ಶುಂಠಿ. ಎರಡನೆಯದು ಜಗಳ: ವಿಸ್ಕಿ, ದಾಳಿಂಬೆ, ಜಜ್ಜಿದ ಕರಿಮೆಣಸು. ಮೂರನೆಯದು ಹಾಸ್ಯ: ರಮ್ಮು, ಬಿಸಿ ಕಾಫಿ, ಸುಟ್ಟ ಸಕ್ಕರೆ, ಎಂಥ ಗಂಭೀರ ಮನುಷ್ಯನ ಮೂಗಿನ ತುದಿಗೂ ಮೆತ್ತಿಕೊಳ್ಳುವಷ್ಟು ಕೆನೆ. ನಾಲ್ಕನೆಯದು ಅಳು: ಬ್ರಾಂದಿಯಲ್ಲಿ ನೆನೆಸಿದ ಮರಸೇಬು, ಒಂದು ಹನಿ ಜೇನು. ಐದನೆಯದು ತೆರೆ ಬೀಳುವುದು. ಅದು ಯಾವತ್ತೂ ನಿನ್ನದೇ ಆಗಿತ್ತು.

ನೀನು ಕುಡಿದವಳೇ ಅಲ್ಲ. ಅಸ್ತರು ಹೊಲಿಯುವ ಕೋಟನ್ನು ಮಡಿಲಿನಿಂದ ಇಳಿಸದೆಯೇ ಚಮಚದ ತುದಿಗೆ ನಾಲಿಗೆ ತಾಗಿಸುತ್ತಿದ್ದೆ. ಸಿಹಿ ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ಒಮ್ಮೆಯೂ ಹೇಳಿದವಳಲ್ಲ. “ಇದು ಸೋದರಮಾವನ ಕೋಟು, ಜೇಬಲ್ಲಿ ಹಳೇ ಲವಂಗ ಇದೆ, ಇರ್ಲಿ” ಅನ್ನುತ್ತಿದ್ದೆ. “ಇದು ಆಸ್ಪತ್ರೆ ಕಣೋ, ತಗೊಂಡು ಹೋಗು” ಅನ್ನುತ್ತಿದ್ದೆ. ಒಮ್ಮೆ, “ಇದು ಮದುವೆಮನೆ, ಆದ್ರೆ ಎಲ್ಲಾರೂ ಊಟ ಮಾಡ್ಕೊಂಡು ಹೊರಟಾಗಿದೆ” ಎಂದೆ. ಆ ವರ್ಷದ ತೆರೆ ಅದೇ. ಜನ ಕುಡಿದು ಸುಮ್ಮನೆ ಕೂತುಬಿಡುತ್ತಿದ್ದರು. ಚಪ್ಪಾಳೆಗೆ ಹುಟ್ಟಿದ ನನಗೆ ಮೌನವೂ ಚಪ್ಪಾಳೆಯೇ ಎಂದು ಅವತ್ತು ಗೊತ್ತಾಯಿತು.

ಈಗ ಕೇಳು. ನನಗೆ ವಾಸನೆ ಬರುವುದಿಲ್ಲ.

ಸೆಕೆಗಾಲದ ಆ ಜ್ವರ ನೆನಪಿದೆಯಲ್ಲ, ನೀನು ಒದ್ದೆ ಬಟ್ಟೆ ಹಿಂಡಿ ಹಿಂಡಿ ನನ್ನ ಹಣೆಗೆ ಹಾಕಿದ್ದು? ಜ್ವರ ಇಳಿಯಿತು, ಮೂಗನ್ನು ಜೊತೆಗೆ ಕರೆದುಕೊಂಡು ಹೋಯಿತು. ನಾಲಿಗೆ ಉಳಿದಿದೆ. ಸಿಹಿ, ಹುಳಿ, ಕಹಿ, ಉಪ್ಪು, ಉರಿ ತಿಳಿಯುತ್ತದೆ. ಆದರೆ ಕಿತ್ತಳೆಗೂ ನಿಂಬೆಗೂ ವ್ಯತ್ಯಾಸ ಕಣ್ಣಿಗೆ ಮಾತ್ರ. ಕಾಫಿ ಅಂದರೆ ಬಿಸಿಯಾದ ಕಹಿ, ಅಷ್ಟೇ. ವೈದ್ಯರು ಮೂಗಿಗೆ ದೀಪ ಹಿಡಿದು ನೋಡಿ, “ಬಂದ್ರೂ ಬರ್ಬೋದು” ಎಂದರು. ಬರುವುದಿಲ್ಲ ಅನ್ನುವುದನ್ನು ಹೇಳುವ ದನಿ ಅದು. ದನಿಗಳ ವಿಷಯ ನನಗೆ ಯಾರೂ ಕಲಿಸಬೇಕಾಗಿಲ್ಲ.

ನಿನಗೆ ಹೇಳಲಿಲ್ಲ ಎಂದು ತಿಳಿಯಬೇಡ. ಹೇಳಿದ್ದೆ. ಊಟದ ಮೇಜಿನ ಮುಂದೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, “ದೇವೀ! ಈ ಹತಭಾಗ್ಯನ ನಾಸಿಕವು ಇವನನ್ನು ತೊರೆದು ಹೋಯಿತು!” ಎಂದೆ. ನೀನು ಅನ್ನ ನೆತ್ತಿಗೇರುವಷ್ಟು ನಕ್ಕೆ. “ಎಷ್ಟನೇ ಅಂಕಾನಪ್ಪ ಇದು?” ಎಂದೆ. ನಾನೇನು ಮಾಡಿದೆ ಗೊತ್ತಾ? ಬಾಗಿ ನಮಸ್ಕರಿಸಿದೆ. ನಗು ಬಂದ ಮೇಲೆ ನಟ ಬಾಗಬೇಕು. ಬೆನ್ನು ತಾನಾಗಿ ಬಾಗಿತು. ನಿಜ ಹೇಳಲು ನನ್ನ ಹತ್ತಿರ ಬೇರೆ ದನಿಯೇ ಇರಲಿಲ್ಲ, ಸೂಜಿ. ರಾಜನ ದನಿ ಇದೆ, ರಾಕ್ಷಸನ ದನಿ ಇದೆ, ಕುಡುಕನದು ಬೇಕಾದಷ್ಟಿದೆ. ಮನೆಯಲ್ಲಿ ಅನ್ನದ ತಟ್ಟೆ ಮುಂದೆ ಹೆಂಡತಿಗೆ “ನನಗೆ ಹೆದರಿಕೆ ಆಗ್ತಿದೆ ಕಣೆ” ಅನ್ನುವ ದನಿ ನಮ್ಮ ಕಂಪನಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಆಮೇಲೆ ಆ ಸಂಜೆ. ನಮ್ಮ ಹಳೆಯ ಆಟ. ನೀನು ಮಣಿಕಟ್ಟಿಗೆ ಏನನ್ನೋ ಸವರಿಕೊಂಡು ಬಂದು ನನ್ನ ಮೂಗಿನ ಮುಂದೆ ಹಿಡಿದೆ, “ಹೇಳು ನೋಡೋಣ” ಎಂದೆ. ನಿನ್ನ ಕಣ್ಣಲ್ಲಿ ತುಂಟತನ ಇತ್ತು. ಹೂವೇ ಇರಬೇಕು ಎಂದುಕೊಂಡೆ. ಕಣ್ಣು ಮುಚ್ಚಿ, ಉಸಿರೆಳೆದು, “ಆಹಾ! ಕಿತ್ತಳೆ ಹೂವು!” ಎಂದು ಕೂಗಿದೆ. ಕಣ್ಣು ತೆರೆದಾಗ ನಿನ್ನ ಮುಖ ಬಿಳಿಚಿಕೊಂಡಿತ್ತು. ಅದು ಹೊಲಿಗೆ ಯಂತ್ರದ ಎಣ್ಣೆ. “ಮೂಸಿ ನೋಡೋಕೂ ಬೇಜಾರು ಬಂತಾ ನಿಂಗೆ?” ಎಂದಷ್ಟೇ ಕೇಳಿ ಕೈ ತೊಳೆಯಲು ಹೋದೆ. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಎದ್ದು ಬರಬೇಕಿತ್ತು. ಯಾವ ಮುಖ ಹೊತ್ತು ಬರುವುದೆಂದು ತಿಳಿಯದೆ ಕೂತೇ ಇದ್ದೆ.

ಬಟ್ಟೆಯ ಪೆಟ್ಟಿಗೆ ತೆಗೆದುಕೊಂಡು ಹೋದರೆ ಅದು ಸಿಟ್ಟು. ನೀನು ಹೊಲಿಗೆ ಯಂತ್ರವನ್ನೇ ಹೊತ್ತುಕೊಂಡು ನಿನ್ನ ಅಕ್ಕನ ಮನೆಗೆ ಹೋದೆ, ಅದು ತೀರ್ಮಾನ. ಯಂತ್ರ ಇದ್ದ ಜಾಗದಲ್ಲಿ ನೆಲದ ಮೇಲೆ ಅದರ ಕಾಲುಗಳ ಗುರುತು ಇನ್ನೂ ಇದೆ. ಅಲ್ಲಿ ಕುರ್ಚಿ ಹಾಕಲು ನನಗೆ ಧೈರ್ಯ ಬಂದಿಲ್ಲ.

ಹೀಗೆ ಮೂಗಿಲ್ಲದವನು ಚಳಿಗಾಲವನ್ನು ಸೃಷ್ಟಿಸಲು ಹೊರಟ. ಹೇಗೆ ಎಂದೆಯಾ? ನೆನಪಿನಿಂದ. ಜೊತೆಗೆ ಮುಖಗಳಿಂದ! ಬಣ್ಣದ ಕೋಣೆಯಲ್ಲಿ ಬೆಳೆದವನು ನಾನು, ಹುಬ್ಬಿನ ಒಂದು ಕೂದಲು ಅಲುಗಿದರೂ ಓದಬಲ್ಲೆ ಎಂಬ ಜಂಬ. ಗ್ಲಾಸು ತುಂಬಿ ಮೊದಲು ಮೀಸೆಗೆ ಕೊಡುತ್ತಿದ್ದೆ. ನಮ್ಮ ಹಿರಿಯ ಮಾಣಿ, ನಿನಗೆ ಗೊತ್ತಲ್ಲ, ಟ್ರೇಗಿಂತ ಮೀಸೆಯನ್ನೇ ಹುಷಾರಾಗಿ ಹೊರುವವನು. ಆಮೇಲೆ ಪಾತ್ರೆ ತೊಳೆಯುವ ಚಿಕ್ಕಮ್ಮನಿಗೆ ಒಂದು ಗುಟುಕು. ಮೀಸೆ ಕಣ್ಣರಳಿಸಿ, “ಅಣ್ಣಾ, ಇದು ಕುಡಿಯೋದಲ್ಲ, ಕೈ ಮುಗಿಯೋದು” ಅನ್ನುತ್ತಿದ್ದ. ಚಿಕ್ಕಮ್ಮ, “ನನ್ನ ಗಂಡ ಇದನ್ನ ಕುಡಿದಿದ್ರೆ ಮನೆಗೇ ಬರ್ತಿರ್ಲಿಲ್ಲ, ಒಳ್ಳೇದೇ ಆಗ್ತಿತ್ತು” ಅನ್ನುತ್ತಿದ್ದಳು. ನಾನು ಗೆದ್ದೆ ಎಂದುಕೊಂಡೆ. ಊರಿಗೆ ಊರೇ ಮೂಸಲಿರುವುದನ್ನು ನಾನೊಬ್ಬ ಮೂಸದೆ ಮಾಡಿ ತೋರಿಸುತ್ತಿದ್ದೇನೆ, ಇದಕ್ಕಿಂತ ದೊಡ್ಡ ಅಭಿನಯ ಯಾವ ರಂಗದ ಮೇಲೆ ನಡೆದಿದೆ ಎಂದು ಒಳಗೊಳಗೇ ಎದೆ ಉಬ್ಬಿಸಿಕೊಂಡೆ.

ನಿನ್ನೆ ಬಾರಿನ ಯಜಮಾನಿ ರುಚಿ ನೋಡಲು ಬಂದಳು. ಕೋಟು ಬಿಚ್ಚದೆ, ಕೌಂಟರಿನ ಹಿತ್ತಾಳೆ ಕಂಬಿಗೆ ಮೊಣಕೈ ಊರಿ ಕೂತಳು. ಮೊದಲ ಗ್ಲಾಸಿಗೆ ತುಟಿ ಒರೆಸಿಕೊಂಡಳು. ಎರಡನೆಯದಕ್ಕೆ ಕೆಮ್ಮಿದಳು. ಮೂರನೆಯದನ್ನು ಅರ್ಧಕ್ಕೆ ಸರಿಸಿದಳು. ನಾನು ಅಳುವಿನ ಅಂಕಕ್ಕೆ ಪೀಠಿಕೆ ಹಾಕಿದೆ: “ಅಮ್ಮಾವ್ರೇ, ಈ ಮರಸೇಬು ಬೇಸಿಗೆಯ ಕೊನೆಯ ಬಿಸಿಲನ್ನು ಕುಡಿದು, ಕತ್ತಲಲ್ಲಿ ತಪಸ್ಸು ಮಾಡಿ...” ಅವಳು ಒಂದು ಗುಟುಕು ಬಾಯಿಗೆ ಹಾಕಿ, ಹಾಗೆಯೇ ಗ್ಲಾಸಿಗೆ ವಾಪಸು ಉಗುಳಿದಳು.

ಜಾಡಿಯಲ್ಲಿ ಹಣ್ಣು ತೇಲಿ ಬ್ರಾಂದಿಯ ಮೇಲಕ್ಕೆ ಬಂದಿದ್ದಿರಬೇಕು. ಗಾಳಿ ತಾಗಿದ ಹಣ್ಣು ಕೊಳೆಯುತ್ತದೆ. ಮುಚ್ಚಳ ತೆಗೆದರೆ ಮೊದಲು ಅರಚುವುದು ವಾಸನೆ. ನೀನಿದ್ದಾಗ ದಿನ ಬಿಟ್ಟು ದಿನ ಜಾಡಿ ಮೂಸುವುದು ನನ್ನ ಕೆಲಸ, ಹಣ್ಣು ಮುಳುಗಿರಲಿ ಎಂದು ಮೇಲೆ ತಟ್ಟೆ ಹೇರುವುದು ನಿನ್ನ ಕೆಲಸ. ಈ ವರ್ಷ ಮೂಸಿದೆ. ಶ್ರದ್ಧೆಯಿಂದ ಮೂಸಿದೆ. ತಟ್ಟೆ ಹೇರುವುದನ್ನು ಮರೆತಿದ್ದೆ.

ಯಜಮಾನಿ ನನ್ನ ಕಡೆ ನೋಡಲಿಲ್ಲ. “ಇದನ್ನ ನೀನು ರುಚಿ ನೋಡಿದ್ಯಾ?” ಎಂದು ಮೀಸೆಯನ್ನು ಕೇಳಿದಳು. ಅವನು, “ನೋಡಿದ್ದೀನಿ ಅಮ್ಮಾವ್ರೇ. ಚೆನ್ನಾಗೇ ಇದೆಯಲ್ಲ” ಎಂದವನೇ, ಜಗ್ಗಿನಿಂದ ಗ್ಲಾಸು ತುಂಬಿಸಿಕೊಂಡು ಒಂದೇ ಉಸಿರಿಗೆ ಕುಡಿದುಬಿಟ್ಟ. ಕುಡಿದು ನಕ್ಕ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಮೀಸೆಯ ಎರಡು ತುದಿಗಳೂ ನಡುಗುತ್ತಿದ್ದವು, ಆದರೂ ನಗುತ್ತಲೇ ಇದ್ದ. ಸೂಜಿ, ಅಂಥ ಅಭಿನಯವನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನನಗೆ ಅರ್ಥವಾಯಿತು. ಇಷ್ಟು ದಿನ ರಂಗದ ಮೇಲಿದ್ದವನು ನಾನಲ್ಲ. ಇಡೀ ಬಾರು ನನಗೋಸ್ಕರ ನಾಟಕ ಆಡುತ್ತಿತ್ತು. ನಾನು ಕೊನೆಯ ಬೆಂಚಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದೆ.

“ಯಾಕೆ ಹೇಳ್ಲಿಲ್ಲ?” ಎಂದು ಆಮೇಲೆ ಕೇಳಿದೆ. ಚಿಕ್ಕಮ್ಮ ನೊರೆಗೈಯನ್ನು ಒರೆಸಿಕೊಳ್ಳುತ್ತಾ, “ಹೆಂಗಪ್ಪಾ ಹೇಳೋದು? ಹೆಂಡ್ತಿ ಹೋದ ಮೇಲೆ ನೀನು ನಕ್ಕಿದ್ದೇ ನಾವು ಕುಡಿದಾಗ” ಎಂದಳು.

ಮೂಗು ಹೋದದ್ದನ್ನು ನಾನು ಒಪ್ಪಿಕೊಂಡ ಮೇಲೆ ಯಜಮಾನಿ ಕೊಟ್ಟ ತೀರ್ಪು ಇದು: ನಾಲ್ಕು ಅಂಕಗಳು ಕಾರ್ಖಾನೆಯಿಂದ ಬಾಟಲಿಯಲ್ಲಿ ಬರುತ್ತವೆ, ಮುಚ್ಚಳ ತೆಗೆದು ಸುರಿಯಲು ಮೀಸೆ ಸಾಕು. ನನ್ನ ಗಂಟಲು ಚೆನ್ನಾಗಿದೆಯಂತೆ, ಬಾಗಿಲಲ್ಲಿ ನಿಂತು ಜನರನ್ನು ಕರೆಯಬಹುದಂತೆ. ಹೊರಡುವಾಗ ತಿರುಗಿ, “ಕೊನೇದೊಂದು ನಿಂಗೇ ಬಿಟ್ಟಿದ್ದೀನಿ. ಆದ್ರೆ ಶುಕ್ರವಾರದೊಳಗೆ ಮೂಗಿರೋರು ಯಾರಾದ್ರೂ ಒಬ್ರು ಸರಿಯಿದೆ ಅನ್ಬೇಕು. ನಿನ್ನ ಕಂಡ್ರೆ ಅಯ್ಯೋ ಪಾಪ ಅನ್ನಿಸದೇ ಇರೋರು” ಎಂದಳು.

ನಾನು ಎಣಿಸಲು ಹೋಗಲಿಲ್ಲ. ನನ್ನ ಕಂಡರೆ ಪಾಪ ಅನ್ನಿಸದವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಅದಕ್ಕೇ ಮೊದಲು ಮೂಸು, ಆಮೇಲೆ ಓದು ಎಂದದ್ದು. ಇಷ್ಟು ಓದಿದ ಮೇಲೆ ನೀನೂ ಕೆಟ್ಟಿರುತ್ತೀಯ.

ಬಾಟಲಿಯಲ್ಲಿ ಏನಿದೆ ಎಂದು ಈಗ ಹೇಳುತ್ತೇನೆ. ಚಳಿಗಾಲದಲ್ಲಿ ನಿನ್ನ ಕೆಲಸದ ಕೋಣೆ. ಒದ್ದೆ ಉಣ್ಣೆಯ ಮೇಲೆ ನೀನು ಇಸ್ತ್ರಿ ಇಟ್ಟಾಗ ಏಳುತ್ತಿದ್ದ ಆವಿ. ಅದಕ್ಕೆ ಹೊಗೆಯಾಡಿಸಿದ ವಿಸ್ಕಿ ಹಾಕಿದ್ದೇನೆ. ಸೀಮೆಸುಣ್ಣದ ಧೂಳಿಗೆ ಹುರಿದ ಬಾದಾಮಿ. ನೀನು ಸುಲಿದು ಕಿಟಕಿಯ ಮೇಲಿಡುತ್ತಿದ್ದ ಕಿತ್ತಳೆ ಸಿಪ್ಪೆ, ಎರಡು ಲವಂಗ. ಕಡೆಗೆ ನಿನ್ನ ಕತ್ತಿನ ಹಿಂದಿನ ವಾಸನೆ ಬರಬೇಕಿತ್ತು. ಅಲ್ಲಿ ನಿಂತುಬಿಟ್ಟೆ. ಅದಕ್ಕೇನು ಹಾಕಬೇಕೆಂದು ತಿಳಿಯಲಿಲ್ಲ, ಯಾಕೆಂದರೆ ಅದು ಹೇಗಿತ್ತು ಎನ್ನುವುದೇ ಹೋಗಿದೆ. ಬಣ್ಣ ನೆನಪಿದೆ, ಅಲ್ಲಿನ ಮಚ್ಚೆ ನೆನಪಿದೆ, ದಾರ ಕಚ್ಚಿ ಹರಿಯುವಾಗ ಕತ್ತಿನ ನರ ಬಿಗಿಯುತ್ತಿದ್ದುದು ನೆನಪಿದೆ. ವಾಸನೆ ನೆನಪಿಲ್ಲ. ಮೂಗು ಹೋದಾಗ ಬಾಗಿಲು ಮುಚ್ಚಿತು ಎಂದುಕೊಂಡಿದ್ದೆ. ಈಗ ಒಳಗಿನ ಸಾಮಾನೂ ಒಂದೊಂದಾಗಿ ಖಾಲಿಯಾಗುತ್ತಿದೆ. ಮುಂದಿನ ಚಳಿಗಾಲಕ್ಕೆ ಕಿತ್ತಳೆಯೂ ಬರಿಯ ಮಾತಾಗಿ ಉಳಿಯುತ್ತದೆ.

ಆ ಕೋಣೆ ಬಾಟಲಿಯಲ್ಲಿ ಇದೆಯೋ ಇಲ್ಲವೋ, ಬರಿಯ ಸಾರಾಯಿ ಘಾಟೋ, ನನಗೆ ತಿಳಿಯುವ ದಾರಿಯಿಲ್ಲ. ಇದೆ ಅನ್ನಿಸಿದ್ದರೆ ಇದೆ ಎಂದು ಬರೆ. ಇಲ್ಲದಿದ್ದರೆ “ಇದು ಆಸ್ಪತ್ರೆ, ತಗೊಂಡು ಹೋಗು” ಎಂದು ಬರೆ, ತಗೊಂಡು ಹೋಗುತ್ತೇನೆ. ಬಾ ಎಂದು ಕರೆಯುತ್ತಿಲ್ಲ. ನೀನು ಬಂದರೂ ನನಗೆ ನೀನು ಅರ್ಧವೇ ಬರುತ್ತೀಯ, ಅದು ನಿನಗೂ ಗೊತ್ತಾಗುತ್ತದೆ. ನಾಟಕ ಮಾತ್ರ ಆಡಬೇಡ. ಇಲ್ಲಿ ಎಲ್ಲರೂ ಆಡುತ್ತಿದ್ದಾರೆ.

ದನಿ ತಗ್ಗಿಸಿದ್ದೇನೆ. ಕೇಳಿಸಿತಾ?

ಇಂತಿ,
ನಿನ್ನ
ಒಡೆದ ನಗಾರಿ

ಮರೆತ ಮಾತು: ಬಾಟಲಿಗೆ ಮುಚ್ಚಳ ಬಿಗಿಯುವಾಗ ಕೈ ಜಾರಿ ಅದು ಮೇಜಿನ ಮೇಲೆ ಉರುಳಿತು. ಉಳಿದಿದ್ದನ್ನು ತುಂಬಿ ಬಿಗಿದಿದ್ದೇನೆ. ಈ ಕಾಗದದ ಅಂಚು ಒದ್ದೆಯಾಗಿತ್ತು, ಬಿಸಿಲಿಗೆ ಹಿಡಿದು ಒಣಗಿಸಿದೆ. ಒಂದು ಹನಿಯನ್ನೂ ನಾನು ಕುಡಿದಿಲ್ಲ, ಸೂಜಿ, ಆದರೆ ಲಕೋಟೆ ಒಡೆದ ಕೂಡಲೇ ನಿನ್ನ ಮೂಗಿಗೆ ಏನು ಬಡಿಯುತ್ತದೋ ನಾನರಿಯೆ. ಇನ್ನೊಮ್ಮೆ ಬರೆಯಲು ಕೂತರೆ ಈ ದನಿ ಸಿಗುವುದಿಲ್ಲ. ಅದಕ್ಕೆ ಮೀಸೆಯನ್ನು ಕರೆದು ಕಾಗದ ಅವನ ಮೂಗಿಗೆ ಹಿಡಿದೆ, “ನಿಜ ಹೇಳು, ವಾಸನೆ ಇದೆಯಾ?” ಎಂದೆ. ಅವನು ಕಣ್ಣು ಮುಚ್ಚಿ ನಿಧಾನವಾಗಿ ಮೂಸಿ, “ಏನೂ ಇಲ್ಲ ಅಣ್ಣಾ, ಧೈರ್ಯವಾಗಿ ಕಳ್ಸಿ” ಎಂದ. ಮರಸೇಬು ಕುಡಿದಾಗ ನಕ್ಕಿದ್ದನಲ್ಲ, ಹಾಗೆಯೇ ನಕ್ಕ.