ಹಳದಿ ಕಾರಿನ ಖಾಲಿ ಪುಟಗಳು

ನಂದಿ ಹಿಲ್ಸ್, ಕಿಸುಮು ಬಳಿ
೯ ನವೆಂಬರ್ ೧೯೯೭, ಭಾನುವಾರ

ಪ್ರೀತಿಯ ತೆಕ್ಲಾ ಅಕ್ಕ,

ಮೊದಲು ಎಲ್ಲಾದರೂ ಕೂತುಕೋ. ಲೋಡ್ವಾರ್‌ನ ಆ ಸುಡುಬಿಸಿಲಲ್ಲಿ, ಹೆರಿಗೆ ವಾರ್ಡಿನಲ್ಲಿ ದಿನವಿಡೀ ನಿಂತಿರುವ ನಿನ್ನ ಕಾಲಿಗೂ ಒಳ್ಳೆಯದು, ಈ ಪತ್ರಕ್ಕೂ ಒಳ್ಳೆಯದು. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಇದ್ದ ಹಾಗೇ ಇದೆ. ಅವಳು ಯಾರ ಕೈಲಾದರೂ ಬರೆಸಿ ನಿನಗೆ ಚಾಡಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ನಾನು ಕಾರು ಕೊಂಡೆ.

ಪಿಕಪ್ ಅಲ್ಲ. ಈಸ್ಟರ್‌ಗೆ ಬಂದಾಗ ನೀನು ಅಷ್ಟು ಹೊತ್ತು ಕೂರಿಸಿ ಬುದ್ಧಿ ಹೇಳಿದ್ದೆ, ಪಿಕಪ್ ಆದರೆ ಹಾಲಿನ ಕ್ಯಾನೂ ಸಾಗುತ್ತದೆ, ಅಮ್ಮನನ್ನು ಆಸ್ಪತ್ರೆಗೂ ಕರೆದುಕೊಂಡು ಹೋಗಬಹುದು ಎಂದು. ನಾನು ತಲೆ ಆಡಿಸಿದ್ದು ನಿಜ. ಆದರೆ ಇದಕ್ಕಿರುವುದು ಎರಡೇ ಸೀಟು. ಉದ್ದನೆಯ ಮೂತಿ, ಮಾಗಿದ ಮಾವಿನ ಹಳದಿ ಬಣ್ಣ. ೧೯೭೨ರ ಡಾಟ್ಸನ್. ನಾವಿಬ್ಬರೂ ಶಾಲೆ ತಪ್ಪಿಸಿ, ಬೇಲಿ ಹತ್ತಿ, ಕೆಂಪು ಧೂಳು ನುಂಗುತ್ತಾ ಕಾರ್ ರ‍್ಯಾಲಿ ನೋಡಿದ ದಿನ ನೆನಪಿದೆಯಾ? ಆವತ್ತು ನಿನ್ನ ಸ್ಕರ್ಟು ಮುಳ್ಳುತಂತಿಗೆ ಸಿಕ್ಕಿ ಹರಿಯಿತು. ನಾನು ನೋಡಿದ್ದು ಸ್ಕರ್ಟನ್ನಲ್ಲ, ಇಂಥದ್ದೇ ಒಂದು ಕಾರನ್ನು.

ನನ್ನ ಪಾಲಿನ ಮೂರು ಕಡಸುಗಳನ್ನು ಮಾರಿದೆ. ಅಮ್ಮನ ಹಸುಗಳನ್ನು ಮುಟ್ಟಿಲ್ಲ, ಆಣೆಗೂ. ಕಾರು ಅಂಗಳಕ್ಕೆ ಬಂದಾಗ ಅಮ್ಮ ಕೋಲೂರಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಳಗೆ ಬಗ್ಗಿ ನೋಡಿ, "ಇದ್ರಲ್ಲಿ ಕೂರೋದಾ, ಮಲಗೋದಾ?" ಎಂದಳು. ಆಮೇಲೆ ಜೋಳದ ಮೂಟೆ ಎಲ್ಲಿಡುತ್ತೀ ಎಂದು ಕೇಳಿದಳು. ನಾನು ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದೆ.

ಅಕ್ಕ, ಹದಿನಾಲ್ಕು ವರ್ಷದಿಂದ ಫ್ಯಾಕ್ಟರಿಯ ಚಹಾ ಎಲೆಯ ಲಾರಿ ಓಡಿಸುತ್ತಿದ್ದೇನೆ. ಎಲೆ ಜಜ್ಜಬಾರದು, ಅದಕ್ಕೆ ಎರಡನೇ ಗೇರು. ರಸ್ತೆ ಕೆಸರು, ಅದಕ್ಕೂ ಎರಡನೇ ಗೇರು. ನನ್ನ ಬಲಗಾಲಿಗೆ ಒಂದು ಸಲವಾದರೂ ಆಕ್ಸಿಲರೇಟರನ್ನು ನೆಲ ಮುಟ್ಟುವಷ್ಟು ಒತ್ತಬೇಕು ಎಂಬ ಆಸೆ ಇತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಮಾರಿದವರು ಕಿಟಾಲೆಯ ಎಲ್ಕಾನಾ ಲುಸ್ವೇಟಿ ಅಂತ. ರೈಲ್ವೆ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು, ಎಪ್ಪತ್ತೆರಡು ವಯಸ್ಸು, ತೊಲೆಯ ಹಾಗೆ ಎತ್ತರ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿದೆ. ನೋಡಲು ಹೋಗುವಾಗ ನಮ್ಮ ಫ್ಯಾಕ್ಟರಿಯ ಮೆಕ್ಯಾನಿಕ್ ಮಕೋಖಾನನ್ನು ಜೊತೆಗೆ ಕರೆದುಕೊಂಡಿದ್ದೆ. ಮುದುಕರು ನಮಗೆ ಹಾಲು ಹೆಚ್ಚಿಗೆ ಹಾಕಿದ ಚಹಾ ಕೊಟ್ಟು, ಮೇಜಿನ ಮೇಲೆ ಮೂರು ಫೈಲುಗಳನ್ನು ತಂದಿಟ್ಟರು. ಹಾಕಿಸಿದ ಪೆಟ್ರೋಲಿನ ಒಂದೊಂದು ಲೀಟರು, ಬದಲಾಯಿಸಿದ ಒಂದೊಂದು ಪ್ಲಗ್ಗು, ಟೈರಿನ ಗಾಳಿ ಕೂಡ, ಮುತ್ತು ಪೋಣಿಸಿದ ಅಕ್ಷರದಲ್ಲಿ. ಮಕೋಖಾನ ಮುಖ ಅರಳಿತು. ಪುಟ ತಿರುವುತ್ತಾ ತಿರುವುತ್ತಾ ನಿಂತುಬಿಟ್ಟ.

೧೯೮೨ರ ಮಾರ್ಚಿನಿಂದ ೮೫ರ ಮೇವರೆಗೆ ಏನೂ ಇರಲಿಲ್ಲ. ಹಾಳೆ ಹರಿದಿರಲಿಲ್ಲ. ಗೆರೆ ಎಳೆದು, ಮೇಲೆ ತಿಂಗಳ ಹೆಸರು ಬರೆದು, ಹಾಗೇ ಖಾಲಿ ಬಿಟ್ಟಿದ್ದರು. ಆ ಮೂರು ವರ್ಷ ತಾನು ಜಾಂಬಿಯಾದಲ್ಲಿ ಕೆಲಸಕ್ಕಿದ್ದೆ, ಕಾರು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು ಎಂದರು. ಆದರೆ ಖಾಲಿ ಪುಟಗಳ ಹಿಂದೆ ಮೀಟರು ಅರವತ್ತೊಂದು ಸಾವಿರ, ಮುಂದೆ ಎಂಬತ್ತು ಸಾವಿರ. ಮಕೋಖಾ ಬೆರಳಿಟ್ಟು ತೋರಿಸಿದಾಗ ಅವರು ಕಿಟಕಿಯ ಕಡೆ ನೋಡುತ್ತಾ, ಮೀಟರು ಕೆಟ್ಟಿತ್ತು ಎಂದರು.

ಹೊರಗೆ ಬಂದು ಮಕೋಖಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಟೈರಿನ ಗಾಳಿ ಬರೆದಿಡುವ ಮನುಷ್ಯ ಹತ್ತೊಂಬತ್ತು ಸಾವಿರ ಕಿಲೋಮೀಟರ್ ಬರೆಯದೆ ಬಿಟ್ಟಿದ್ದಾರೆಂದರೆ ಏನೋ ಮುಚ್ಚಿಡುತ್ತಿದ್ದಾರೆ, ಬೇಡ, ಬಸ್ಸು ಹತ್ತು ಎಂದ. ಅವನು ಹೇಳಿದ್ದು ಸರಿಯೇ. ಆದರೂ ನಾನು ಬಾನೆಟ್ ಎತ್ತಿದೆ. ಆಯಿಲ್ ಮುಚ್ಚಳದಲ್ಲಿ ನೊರೆ ಇಲ್ಲ. ತಣ್ಣಗಿದ್ದ ಎಂಜಿನ್ನು ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಹೊಗೆ ಇಲ್ಲ, ಕಟಕಟ ಇಲ್ಲ. ಮೂರು ವರ್ಷ ಯಾರೂ ನೋಡಿಕೊಳ್ಳದ ಎಂಜಿನ್ನಿನ ಸದ್ದು ಹಾಗಿರುವುದಿಲ್ಲ, ಅಕ್ಕ. ಅದನ್ನು ಯಾರೋ ಮಗುವಿನ ಹಾಗೆ ನೋಡಿಕೊಂಡಿದ್ದರು.

ಆಮೇಲೆ ಡ್ರೈವರ್ ಸೀಟು ಮುಂದಕ್ಕೆ ಎಳೆದುಕೊಳ್ಳಲು ಹೋದೆ. ಸೀಟಿನ ಕೆಳಗಿನ ಕಂಬಿಯಲ್ಲಿ ಎರಡು ಹಲ್ಲುಗಳು ಮಾತ್ರ ಸವೆದು ಮಿರಮಿರ ಮಿಂಚುತ್ತಿದ್ದವು. ಒಂದು ಎಲ್ಲಕ್ಕಿಂತ ಹಿಂದಿನದು, ಮುದುಕರ ಕಾಲಿನ ಅಳತೆಯದು. ಇನ್ನೊಂದು ತೀರ ಮುಂದಿನದು, ನನ್ನಂಥ ಗಿಡ್ಡ ಹೆಂಗಸಿನ ಅಳತೆಯದು.

ಮತ್ತೆ ಮನೆಯೊಳಗೆ ಹೋಗಿ, ಬೇರೆ ಯಾರು ಓಡಿಸುತ್ತಿದ್ದರು ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಅವರ ಹಿಂದಿನ ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು. ತಲೆಗೆ ಬಟ್ಟೆ ಕಟ್ಟಿದ, ಪುಟ್ಟ ಮೈಕಟ್ಟಿನ, ತುಂಟ ಕಣ್ಣಿನ ಹೆಂಗಸು. ನಾನು ಮತ್ತೇನೂ ಕೇಳದೆ ಕಾರು ಕೊಂಡುಕೊಂಡೆ. ವಾಪಸು ಬರುವಾಗ ಕಾಪ್ಸಬೆಟ್ ದಾಟಿದ ಮೇಲೆ ಮಕೋಖಾ, ಮೂರನೇ ಗೇರಿನ ಸದ್ದು ಚೆನ್ನಾಗಿದೆ ಎಂದು ಮಾತ್ರ ಹೇಳಿದ.

ಮಾರನೇ ವಾರ ಫ್ಯಾಕ್ಟರಿಯಲ್ಲಿ ಲಾರಿ ರಿಪೇರಿಯ ಗುಂಡಿಯ ಮೇಲೆ ಕಾರು ನಿಲ್ಲಿಸಿದೆವು. ಮಕೋಖಾ ಕೆಳಗಿಳಿದು ಟಾರ್ಚು ಹಿಡಿದು ಒಂದೊಂದೇ ಭಾಗ ತಡವಿ ನೋಡಿದ. ಎಡಗಡೆಯ ಮುಂದಿನ ಚಾಸಿ ಒಮ್ಮೆ ಮಡಚಿಹೋಗಿತ್ತಂತೆ. ಕಾರು ಜೋರಾಗಿ ಎಲ್ಲೋ ಗುದ್ದಿತ್ತು. ಮೂರು ಕಡಸುಗಳೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದು ನಿಂತವು. ಆದರೆ ವೆಲ್ಡಿಂಗ್ ಎಷ್ಟು ನಾಜೂಕಾಗಿದೆಯೆಂದರೆ, ಕಿಸುಮುವಿನಿಂದ ಕಿಟಾಲೆಯವರೆಗೆ ಹಾಗೆ ಬೆಸೆಯುವ ಕೈ ಒಂದೇ, ಅದು ಕಿಸುಮುವಿನ ಓಡೆರಾನದು ಎಂದ ಮಕೋಖಾ.

ಆ ಭಾನುವಾರದವರೆಗೆ ಹೇಗೆ ಕಾದೆನೋ. ಬೆಳಿಗ್ಗೆ ಅಮ್ಮನಿಗೆ ಚರ್ಚಿಗೆ ಎಂದು ಹೇಳಿ ಘಾಟಿ ಇಳಿದು ಕಿಸುಮುವಿಗೆ ಹೋದೆ. ಓಡೆರಾನ ಗ್ಯಾರೇಜು ಸರೋವರದ ದಂಡೆಯ ಮೀನು ಅಂಗಡಿಗಳ ಹಿಂದೆ ಇದೆ. ಅವನಿಗೂ ಈಗ ವಯಸ್ಸಾಗಿದೆ, ಒಂದು ಕಣ್ಣಿಗೆ ಪೊರೆ. ನಾನು ಬಾಗಿಲು ತೆರೆಯುವಷ್ಟರಲ್ಲಿ ಅವನು ಸ್ಟೂಲಿನಿಂದ ಎದ್ದು ನಿಂತಿದ್ದ.

"ಟೀಚರ್ ಸತ್ತುಹೋದ್ರು ಅಂತ ಕೇಳಿದ್ದೆ" ಎಂದ. "ಆದ್ರೂ ಈ ಸದ್ದು ಕಿವಿಗೆ ಬೀಳ್ತಿದ್ದ ಹಾಗೆ ಕಾಲು ತಾನಾಗೇ ಎದ್ದುಬಿಡ್ತು ನೋಡವ್ವ."

ಟೀಚರ್ ಅಂದರೆ ಫ್ಲೋರಾ ನಾಸಿಮಿಯು, ಲುಸ್ವೇಟಿಯವರ ಹೆಂಡತಿ. ಹುಡುಗಿಯರ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು. ಗಂಡ ಜಾಂಬಿಯಾಗೆ ಹೊರಡುವಾಗ ಕಾರನ್ನು ಮುಟ್ಟಬೇಡ, ಅದು ನಿನ್ನ ಕೈಗೆ ಮೀರಿದ್ದು ಎಂದು ಹೇಳಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರಂತೆ. ಆಕೆ ಎರಡನೇ ವಾರಕ್ಕೇ ಬೇರೆ ಕೀಲಿ ಮಾಡಿಸಿದರು. ಮೂರನೇ ತಿಂಗಳಿಗೆ ಓಡೆರಾನ ಬಾಗಿಲಿಗೆ ಬಂದು, ಇದನ್ನು ರೇಸಿಗೆ ತಯಾರು ಮಾಡಿಕೊಡು ಎಂದರು. ಮೂರು ವರ್ಷ, ರಜೆ ಸಿಕ್ಕಾಗಲೆಲ್ಲ, ಮದುವೆಗೆ ಮುಂಚಿನ ಹೆಸರಿನಲ್ಲಿ ಈ ಭಾಗದ ಕ್ಲಬ್ಬುಗಳ ರ‍್ಯಾಲಿಗಳಲ್ಲಿ ಓಡಿಸಿದರು. ಗಂಡ ವಾಪಸು ಬರುವ ಹನ್ನೊಂದು ದಿನ ಮೊದಲು ಮೋರಿಯೊಂದಕ್ಕೆ ಗುದ್ದಿದರು. ಓಡೆರಾ ಬೇರೆಲ್ಲ ಕೆಲಸ ಬಿಟ್ಟು ಅದನ್ನು ನೇರ ಮಾಡಿ, ಬಣ್ಣ ಬಳಿದು, ಟಾರ್ಪಾಲಿನ ಕೆಳಗೆ ತಾನೇ ತಂದು ನಿಲ್ಲಿಸಿದನಂತೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ.

ಆಮೇಲೆ ಒಳಗೆ ಹೋಗಿ, ಟೀಚರ್ ಬಚ್ಚಿಡಲು ಕೊಟ್ಟಿದ್ದ ಒಂದು ಶಾಲೆಯ ನೋಟ್‌ಬುಕ್ ತಂದು ನನ್ನ ಕೈಯಲ್ಲಿಟ್ಟ. ಕಾರಿನ ಜೊತೆಗೇ ಇರಬೇಕಾದದ್ದು, ತಗೋ ಎಂದ. ಅಕ್ಕ, ಅದರಲ್ಲಿ ಎಲ್ಲವೂ ಇತ್ತು. ಎರಡೂವರೆ ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್, ಕ್ಲಚ್ಚು ಯಾವಾಗ, ಕಾರ್ಬುರೇಟರ್ ಯಾವಾಗ. ಸಾಲುಗಳ ನಡುವೆ ಆಕೆಯ ಮಾತುಗಳು. "ಎಲ್ಡೊರೆಟ್‌ನಲ್ಲಿ ಮೂರನೇ ಸ್ಥಾನ. ಗಂಡಸರು ಕೈ ಕುಲುಕಲು ಮರೆತರು." ಮೋರಿಗೆ ಗುದ್ದಿದ ದಿನ: "ಪಕ್ಕದಲ್ಲಿ ಕೂತು ತಿರುವು ಓದಿ ಹೇಳಬೇಕಾದ ಗಣಿತದ ಟೀಚರ್ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡಳು." ಗ್ಯಾರೇಜಿನ ನೆಲದಲ್ಲೇ ಕೂತು ಓದಿದೆ. ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಚಿಂತೆ ಶುರುವಾಯಿತು. ಮುದುಕರಿಗೆ ತೋರಿಸಬೇಕೋ ಬೇಡವೋ? ಮಕೋಖಾ ಬೇಡವೇ ಬೇಡ ಎಂದ. ಸತ್ತವಳು ಬಚ್ಚಿಟ್ಟಿದ್ದನ್ನು ಬಿಚ್ಚಲು ನಾನು ಯಾರು? ಆದರೆ ಆ ಗೆರೆ ಎಳೆದ ಖಾಲಿ ಪುಟಗಳು ಕಣ್ಣಿಗೆ ಕಟ್ಟಿದಂತಿದ್ದವು. ಇದನ್ನೇ ಯೋಚಿಸುತ್ತಾ ಬುಧವಾರ ಒಂದು ಎಲೆ ಕೇಂದ್ರವನ್ನು ನಿಲ್ಲಿಸದೆ ದಾಟಿಬಿಟ್ಟೆ. ಬುಟ್ಟಿ ತುಂಬಿಕೊಂಡು ಕಾದಿದ್ದ ನಲವತ್ತು ಹೆಂಗಸರು ಮರುದಿನ ಬೈದ ಬೈಗುಳ ನಿನ್ನ ಆಸ್ಪತ್ರೆಯ ಸಿಸ್ಟರುಗಳಿಗೆ ಕೇಳಿಸುವಂಥದ್ದಲ್ಲ.

ಕೊನೆಗೆ ಕಾರಿನ ವರ್ಗಾವಣೆ ಕಾಗದಕ್ಕೆ ಸಹಿ ಬೇಕೆಂಬ ನೆಪದಲ್ಲಿ ಕಿಟಾಲೆಗೆ ಹೋದೆ. ನೆಪವೇ ಅದು. ಸಹಿ ಮೊದಲೇ ಆಗಿತ್ತು. ನೋಟ್‌ಬುಕ್ ಚೀಲದಲ್ಲಿತ್ತು. ಮುದುಕರು ಕಾಗದ ನೋಡಿ, ಸಹಿ ನೋಡಿ, ನನ್ನ ಮುಖ ನೋಡಿದರು. ನಾನು ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಹೊದಿಕೆಯ ಮೇಲಿದ್ದ ಹೆಂಡತಿಯ ಅಕ್ಷರವನ್ನು ಅವರು ಬೆರಳಿನಿಂದ ಸವರಿದರು.

ಆಮೇಲೆ ಕುರ್ಚಿಯಲ್ಲಿ ಕೂತು ಹೇಳಿದರು. "ಹೊರಟ ದಿನ ಮೀಟರ್ ನೋಡಿ ಬರ್ಕೊಂಡಿದ್ದೆ. ಬಂದ ದಿನವೂ ನೋಡ್ದೆ. ಹತ್ತೊಂಬತ್ತು ಸಾವಿರ. ಎಲ್ಲಿಗೆ ಹೋಗ್ತಿದ್ದೆ ಅಂತ ಕೇಳಿದ್ರೆ, ಯಾರ ಹತ್ರ ಅನ್ನೋ ಉತ್ತರ ಬರಬಹುದು ಅಂತ ಭಯ ಕಣಮ್ಮ. ಕೇಳ್ಲೇ ಇಲ್ಲ. ಗೆರೆ ಎಳೆದಿಟ್ಟೆ, ಅವಳೇ ತುಂಬಲಿ ಅಂತ. ಒಂಬತ್ತು ವರ್ಷ ಅವಳ ಜೊತೆ ಹಾಗೇ ಬಾಳಿದೆ."

"ಓದಿ, ಮ್ಜೇ" ಎಂದಷ್ಟೇ ಹೇಳಿದೆ. ಹಿರಿಯರೆಂದು ಊರಿನವರೆಲ್ಲ ಅವರನ್ನು ಕರೆಯುವುದು ಹಾಗೆಯೇ.

ಓದಿದರು. ಮೂರನೇ ಪುಟಕ್ಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಲ್ಡೊರೆಟ್‌ನ ಮೂರನೇ ಸ್ಥಾನಕ್ಕೆ ಬಂದಾಗ ಎದ್ದು ಬಾಗಿಲಿಗೆ ಹೋಗಿ, ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯವಳಿಗೆ ಕೂಗಿ ಹೇಳಿದರು, "ನಮ್ಮ ಫ್ಲೋರಾ ಮೂರನೇ ಸ್ಥಾನ ತಗೊಂಡಿದ್ಲಂತೆ." ಆಕೆ ಏನೂ ತಿಳಿಯದೆ ಒದ್ದೆ ಲಂಗ ಹಿಡಿದು ನಿಂತಳು. ಗಣಿತದ ಟೀಚರ್ ಕಣ್ಣು ಮುಚ್ಚಿದ್ದು ಓದಿ ನಕ್ಕರು. ಅಳುತ್ತಲೇ ನಕ್ಕರು, ಅಕ್ಕ. ಹನ್ನೆರಡು ವರ್ಷ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ಆದರೆ ಆಕೆಯ ಮೇಲೆ ಅನುಮಾನ ಪಟ್ಟ ಆ ವರ್ಷಗಳ ನೋವೂ ಆಗಲೇ ಅವರಿಗೆ ತಟ್ಟಿತು. ಪುಸ್ತಕ ಮುಚ್ಚಿ, "ನಾನೆಂಥ ದಡ್ಡ" ಎಂದು ಫೋಟೋದ ಕಡೆ ತಿರುಗಿ ಕೂತರು. ನಾನು ಅಡುಗೆಮನೆಗೆ ಹೋಗಿ ಚಹಾ ಮಾಡಿದೆ. ಅವರಿಗೆ ಒಂದಿಷ್ಟು ಹೊತ್ತು ಬೇಕಿತ್ತು.

ಚಹಾ ಕುಡಿದ ಮೇಲೆ ಹ್ಯಾಟು ಹಾಕಿಕೊಂಡು ಬಂದರು. ಎಂಡೆಬೆಸ್ ಕಡೆಯ ಮಣ್ಣುರಸ್ತೆಗೆ ಹೋಗೋಣ, ಆಕೆ ಅಭ್ಯಾಸ ಮಾಡುತ್ತಿದ್ದದ್ದು ಅಲ್ಲೇ ಅಂತೆ ಎಂದರು. ಪುಸ್ತಕ ತೊಡೆಯ ಮೇಲೆ. ನಾನು ಮೊದಲು ಮೆಲ್ಲಗೇ ಓಡಿಸಿದೆ. ಒಂದು ತಿರುವಿನಲ್ಲಿ ಬ್ರೇಕು ಒತ್ತಿದೆ. "ಅವಳು ಇಲ್ಲಿ ಬ್ರೇಕ್ ಒತ್ತಿಲ್ಲ ಅಂತ ಬರ್ದಿದ್ದಾಳೆ" ಎಂದರು, ಪುಟದಿಂದ ತಲೆ ಎತ್ತದೆ. ವಾಪಸು ಬರುವಾಗ ನಾನೂ ಒತ್ತಲಿಲ್ಲ. ಹಿಂದಿನ ಚಕ್ರಗಳು ಜಾರಿದವು, ಕೆಂಪು ಧೂಳು ಎದ್ದಿತು, ಕಾರು ತಾನೇ ಮೂತಿ ತಿರುಗಿಸಿ ನೇರವಾಯಿತು. ನನ್ನ ಬಲಗಾಲು ನೆಲ ಮುಟ್ಟಿತು, ಅಕ್ಕ. ಆ ಸುಖವನ್ನು ಹೇಗೆ ಬರೆಯಲಿ? ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಪಕ್ಕದಲ್ಲಿ ಮುದುಕರು ಬಾಗಿಲಿನ ಹಿಡಿ ಹಿಡಿದು, ಹ್ಯಾಟು ಕಳೆದುಕೊಂಡು, ಮುಂದಿನ ತಿರುವು ಬಲಕ್ಕೆ ಎಂದು ಕೂಗುತ್ತಿದ್ದರು.

ಇಳಿಸಿ ಹೊರಟಾಗ ಕಿಟಕಿಗೆ ಬಗ್ಗಿ ಹೇಳಿದರು, "ಅವಳಿಗೆ ಒಂದು ತಿರುವನ್ನೂ ಓದಿ ಹೇಳ್ಲಿಲ್ಲ ನಾನು. ಇನ್ಮೇಲೆ ನೀನು ಓಡ್ಸು, ನಾನು ಓದ್ತೀನಿ. ನಾನು ಕಣ್ಣು ಮುಚ್ಚೋನಲ್ಲ."

ಇಷ್ಟೇ ಸುದ್ದಿ. ಅಮ್ಮನಿಗೆ ಔಷಧಿ ತಪ್ಪದೆ ಕೊಡುತ್ತಿದ್ದೇನೆ. ಆಸ್ಪತ್ರೆಗೆ ಹೋಗಬೇಕಾದಾಗ ಈ ಕಾರಿನ ಸೀಟು ಪೂರ್ತಿ ಹಿಂದಕ್ಕೆ ಹೋಗುತ್ತದೆ, ಮೊಣಕಾಲು ಚಾಚಲು ಪಿಕಪ್‌ಗಿಂತ ಚೆನ್ನ. ಬರುವ ಶನಿವಾರ ಅಂಚೆ ಕಚೇರಿಗೆ ಹೋಗಿ ನಿನ್ನ ಫೋನಿಗೆ ಕಾಯಲು ಆಗುವುದಿಲ್ಲ, ಸ್ವಲ್ಪ ಕೆಲಸವಿದೆ. ಬೇಸರಿಸಬೇಡ.

ನಿನ್ನ ತಂಗಿ,
ಜೆಲಗಾಟ್

ತಾ.ಕ.: ಕೆಲಸ ಏನೆಂದರೆ, ಶನಿವಾರ ಚೆಮೆಲಿಲ್ ಕಬ್ಬಿನ ತೋಟಗಳ ರಸ್ತೆಯಲ್ಲಿ ಕ್ಲಬ್ಬಿನ ರ‍್ಯಾಲಿ. ನಮ್ಮದು ಇಪ್ಪತ್ಮೂರನೇ ನಂಬರು. ಮ್ಜೇ ಎರಡು ಸಲ ಬಸ್ಸಿನಲ್ಲಿ ಹೋಗಿ ತಿರುವುಗಳನ್ನೆಲ್ಲ ಬರೆದುಕೊಂಡು ಬಂದಿದ್ದಾರೆ. ಅರ್ಜಿಯಲ್ಲಿ ಮನೆಯ ಹಿರಿಯರೊಬ್ಬರ ಒಪ್ಪಿಗೆ ಸಹಿ ಬೇಕಿತ್ತು. ಅಮ್ಮನ ಹೆಬ್ಬೆಟ್ಟು ಕೇಳಲು ಧೈರ್ಯ ಬರಲಿಲ್ಲ, ಅದಕ್ಕೆ ನಿನ್ನ ಸಹಿ ನಾನೇ ಹಾಕಿದೆ. ನಿನ್ನದಕ್ಕಿಂತ ಚೆನ್ನಾಗಿ ಬಂದಿದೆ. ಲೋಡ್ವಾರ್‌ಗೆ ಟಪಾಲು ಹತ್ತು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಯೇ ಇದನ್ನು ಇವತ್ತು ಬರೆಯುತ್ತಿರುವುದು.