ಹುಲಿಗವ್ವ ಕೇಳಿದ ದೂರ

೧೭ ನವೆಂಬರ್ ೨೦೨೫, ಸೋಮವಾರ, ಕುಷ್ಟಗಿ
ಡಸ್ಟರ್ ಮತ್ತೆ ಮಾಯ. ಕರ್ಚೀಫಿನಲ್ಲೇ ಬೋರ್ಡ್ ಒರೆಸಿದೆ. ಸೆಕೆಂಡ್ ಪಿಯು ಫಿಸಿಕ್ಸ್. ಸಿಲೆಬಸ್ ಬಿಟ್ಟು, ಜಾಗವನ್ನೇ ಹಿಗ್ಗಿಸಿ ಕುಗ್ಗಿಸುವ ಗುರುತ್ವ ಅಲೆಗಳ ಬಗ್ಗೆ ಹೇಳಿದೆ. ನೆಲ ಸದಾ ನಡುಗುತ್ತದೆ, ನಿಧಾನದ ಅಲೆಗಳನ್ನು ಇಲ್ಲಿ ಹಿಡಿಯಲಾಗದು, ಅದಕ್ಕೇ ಮುಂದೆ ಬಾಹ್ಯಾಕಾಶಕ್ಕೆ ಮೂರು ಉಪಗ್ರಹ ಕಳಿಸುತ್ತಾರೆ. ನಡುವೆ ಲೇಸರ್, ಇಪ್ಪತ್ತೈದು ಲಕ್ಷ ಕಿಲೋಮೀಟರ್. ಅಲೆ ಬಂದರೆ ಆ ದೂರ ಒಂಚೂರೇ ಚೂರು ಬದಲಾಗುತ್ತದೆ...

ಎರಡನೇ ಬೆಂಚಿನ ಹುಲಿಗವ್ವ ಎದ್ದಳು.

"ಸರ್, ನಮ್ಮೂರ ಕ್ವಾರಿಯೊಳಗ ಬ್ಲಾಸ್ಟ್ ಆದ್ರ ತಾಟು ಗಂಗಾಳ ಅಲುಗಾಡ್ತಾವ್ರಿ, ಅದು ತಿಳೀತು. ಆದ್ರ ಮೂರೂ ಸೂರ್ಯನ ಸುತ್ತ ತಮ್ಮ ತಮ್ಮ ದಾರಿ ಹಿಡದು ಹೊಂಟಾವಂದ್ರ, ದೂರ ತಾನಾಗೇ ಹೆಚ್ಚುಕಮ್ಮಿ ಆಗಂಗಿಲ್ಲೇನ್ರಿ?"

"ಆಗಂಗಿಲ್ಲ. ಫಿಕ್ಸ್ ಇರ್ತೈತಿ."

"ಹೆಂಗ್ರಿ ಸರ್?"

ಹೇಗೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. "ಕಲ್ಲು ಒಡಿಯೋರ ಮನ್ಯಾಗ ಹುಟ್ಟಿ ನನಗ ಪಾಠ ಹೇಳ್ತೀಯೇನು? ಕುಂದ್ರು" ಎಂದೆ. ಕ್ಲಾಸ್ ನಕ್ಕಿತು. ನಾನೂ ನಕ್ಕೆ.

೧೮ ನವೆಂಬರ್
ಸ್ಟಾಫ್ ರೂಮಿನಲ್ಲಿ ಫೋನ್ ತೆಗೆದು ಓದಿದೆ. ದೂರ ಬದಲಾಗುತ್ತದೆ — ಸಾವಿರಾರು ಕಿಲೋಮೀಟರ್. ಆ ನಿಧಾನದ ಏರಿಳಿತವನ್ನು ಲೆಕ್ಕ ಹಾಕಿ ಬೇರ್ಪಡಿಸಿ, ಆಮೇಲೆ ಅಲೆ ಹುಡುಕಬೇಕಂತೆ. ಅವಳು ಕೇಳಿದ್ದೇ ಅಲ್ಲಿನ ದೊಡ್ಡ ತೊಡಕು. ಕ್ಲಾಸಿಗೆ ಹೋದೆ. ಅವಳು ಬಂದಿರಲಿಲ್ಲ. ಹಾಯೆನಿಸಿತು. ಥೂ ನನ್ನ.

೨೪ ನವೆಂಬರ್, ಮಧ್ಯಾಹ್ನ ೩
ವಾರವಾಯಿತು, ಅವಳಿಲ್ಲ. ಕೊಪ್ಪಳದ ವಿಜ್ಞಾನ ಗೋಷ್ಠಿಗೆ ಹೆಸರು ಕಳಿಸಲು ಬುಧವಾರ ಕೊನೆ. ಅವಳನ್ನೇ ಕಳಿಸಬೇಕೆಂದಿದ್ದೆ.

ಈಗಷ್ಟೇ ಅವಳಪ್ಪ ಮಾರೆಪ್ಪ ಸ್ಟಾಫ್ ರೂಮಿಗೆ ಬಂದು ಹೋದ. ಅಂಗಿ ತುಂಬ ಕಲ್ಲಿನ ಪುಡಿ. ಚಪ್ಪಲಿ ಹೊರಗೇ ಬಿಟ್ಟ. "ಸರ್, ಹುಡುಗಿ ನಿಮಗ ಎದುರು ಮಾತಾಡ್ಯಾಳಂತ. ಈಗ ಕಾಲೇಜ ಬ್ಯಾಡಂತ ಕುಂತಾಳ್ರಿ. ತಪ್ಪಾಗೇತಿ, ಹೊಟ್ಟ್ಯಾಗ ಹಾಕ್ಕೊಳ್ರಿ." ಕೈ ಮುಗಿದ.

ಅವಳದೇನೂ ತಪ್ಪಿಲ್ಲ ಎಂಬುದು ನಾಲಿಗೆ ತುದಿಗೆ ಬಂತು. ಎದುರಿಗೇ ಗಣಿತದ ಸುರೇಖಾ ಮೇಡಂ. "ಇರ್ಲಿ ಬಿಡ್ರಿ, ಕಳಸ್ರಿ" ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.

೨೫ ನವೆಂಬರ್
ಬಂದಳು. ಬೋರ್ಡ್ ಮೇಲೆ ತ್ರಿಕೋನ ಬರೆದು, ದೂರ ಬದಲಾಗುತ್ತದೆ ಎಂದು ವಿವರಿಸಿದೆ. ಎಲ್ಲ ಹೇಳಿದೆ, ಅವಳ ಹೆಸರೊಂದನ್ನು ಬಿಟ್ಟು. ತಲೆ ತಗ್ಗಿಸಿ ಬರೆದುಕೊಂಡಳು. ಗೋಷ್ಠಿಗೆ ಹೋಗುತ್ತೀಯಾ ಎಂದು ಕೇಳಿದೆ.

"ಬ್ಯಾಡ್ರಿ ಸರ್. ನನಗ ಅಷ್ಟು ತಿಳಿಯಂಗಿಲ್ರಿ."

ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನಾಳೆ ಎಲ್ಲರೆದುರು ಹೇಳಬೇಕಾದದ್ದನ್ನು ಇಲ್ಲೇ ಬರೆದು ಬಾಯಿಪಾಠ ಮಾಡುತ್ತೇನೆ. ಹುಲಿಗವ್ವ, ಅವತ್ತು ನೀ ಹೇಳಿದ್ದ ಖರೆ ಐತಿ. ತಪ್ಪು ನಂದು. ನಿಮ್ಮಪ್ಪ ಕೈ ಮುಗಿದಾಗ ನಾ ಇದನ್ನ ಹೇಳಬೇಕಿತ್ತು, ಹೇಳಲಿಲ್ಲ.